ಪಕ್ಕದ ನಲ್ಲಿ

ಕ್ಯಾಂಟೀನಿನ ಫ್ರಿಜ್ಜಿನಿಂದ ನೀರಿನ ಬಾಟಲಿಗಳನ್ನು ಹೊರಗೆ ತೆಗೆಸಿದ ದಿನ ಕ್ಯಾಂಟೀನಿನ ಮಾಲೀಕರು ನನ್ನ ಮೇಲೆ ಸಿಟ್ಟಾಗಿದ್ದರು.

"ಮೇಡಂ, ಬಾಯಾರಿ ಬಂದ ಮಕ್ಳಿಗೆ ನಾನೇನ್ ಕೊಡ್ಲಿ? ನಿಮ್ ಪೋಸ್ಟರ್ ಕುಡೀತಾರಾ?" ಎಂದರು.

ನಾನು ನಕ್ಕೆ. ನಗುವಷ್ಟು ಧೈರ್ಯ ಆಗ ಇತ್ತು. ನಾಗರಬಾವಿಯ ಒಳರಸ್ತೆಯೊಂದರಲ್ಲಿರುವ ನಮ್ಮ ಪದವಿ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಆ ಸೆಮಿಸ್ಟರಿನಲ್ಲಿ ಪರಿಸರ ಸಮಿತಿಯ ಹೊಣೆಯೂ ನನ್ನದೇ ಆಗಿತ್ತು. ಪ್ರತಿ ಸಂಜೆ ಕ್ಯಾಂಟೀನಿನ ಹಿಂದೆ ಅರ್ಧ ಕುಡಿದು ಬಿಟ್ಟ ಪ್ಲಾಸ್ಟಿಕ್ ಬಾಟಲಿಗಳು ಗುಡ್ಡೆ ಬೀಳುತ್ತಿದ್ದವು. ಒಳಗಿನ ನೀರನ್ನು ಚೆಲ್ಲದೆ ಹಾಗೇ ಚೀಲಕ್ಕೆ ತುಂಬಿದರೆ ಕಸದ ಗಾಡಿಯವರು ಒಯ್ಯಲು ಒಪ್ಪುತ್ತಿರಲಿಲ್ಲ. ಭಾಷಣ, ಪ್ರಬಂಧ ಸ್ಪರ್ಧೆ, ಪ್ರತಿಜ್ಞೆ ಎಲ್ಲ ಮಾಡಿ ನೋಡಿದ್ದೆವು. ಯಾವುದರಿಂದಲೂ ಗುಡ್ಡೆ ಕರಗಲಿಲ್ಲ. ಕೊನೆಗೆ ಬಾಟಲಿ ಮಾರುವುದನ್ನೇ ನಿಲ್ಲಿಸಿ, ಗ್ರಂಥಾಲಯದ ಪಕ್ಕ, ಕ್ಯಾಂಟೀನಿನ ಎದುರು ಮತ್ತು ಹುಡುಗಿಯರ ವಿಶ್ರಾಂತಿ ಕೊಠಡಿಯ ಹೊರಗೆ ನೀರು ಶುದ್ಧೀಕರಿಸುವ ಯಂತ್ರಗಳನ್ನು ಕೂರಿಸಿದೆವು. ಕೈ ತೊಳೆಯುವ ನಲ್ಲಿಗಳು ಮೊದಲೇ ಇದ್ದ ಜಾಗಗಳನ್ನೇ ಆರಿಸಿಕೊಂಡಿದ್ದೆವು. ಅಲ್ಲಾದರೆ ಹೊಸ ಪೈಪು ಎಳೆಯಬೇಕಾಗಿರಲಿಲ್ಲ.

ಪೋಸ್ಟರ್ ಬರೆದವಳು ಎರಡನೇ ವರ್ಷದ ಬಿ.ಎಸ್ಸಿ. ಹುಡುಗಿ. ಕೆಂಗೇರಿ ಉಪನಗರದಿಂದ ಮೆಟ್ರೋದಲ್ಲಿ ಬರುತ್ತಿದ್ದಳು. ಅಕ್ಷರ ದುಂಡಗೆ, ಬಣ್ಣದ ಆಯ್ಕೆ ಚೆಂದ. "ತನ್ನಿ, ತೊಳೆಯಿರಿ, ತುಂಬಿಸಿ" ಎಂಬ ಮೂರೇ ಪದ ಅವಳ ಕಲ್ಪನೆ. ಮೂರು ಕಡೆಯೂ ಅದನ್ನೇ ಅಂಟಿಸಿದೆವು.

ಯಾರೂ ಎಣಿಸದಷ್ಟು ಬೇಗ ಅಭ್ಯಾಸ ಹತ್ತಿತು. ಮೊದಲ ವಾರ ಗೊಣಗಿದ ಹುಡುಗರು ಆಮೇಲೆ ಬ್ಯಾಗಿನ ಪಕ್ಕ ಸ್ಟೀಲ್ ಬಾಟಲಿ ನೇತುಹಾಕಿಕೊಂಡು ಬರತೊಡಗಿದರು. ಬಾಟಲಿಯ ಮೇಲೆ ಹೆಸರು ಕೆತ್ತಿಸುವುದು ಒಂದು ಫ್ಯಾಷನ್ನೇ ಆಯಿತು. ಕ್ಯಾಂಟೀನಿನ ಹಿಂದಿನ ಗುಡ್ಡೆ ಚಿಕ್ಕದಾಯಿತು. ಕಾಲೇಜಿನ ಮಾನ್ಯತೆ ಪರಿಶೀಲಿಸುವ ತಂಡ ಬರುವುದಿತ್ತು. ಪ್ರಾಂಶುಪಾಲರು ತಮ್ಮ ವರದಿಯಲ್ಲಿ ಈ ಕೆಲಸಕ್ಕೆಂದೇ ಒಂದು ಪುಟ ಮೀಸಲಿಟ್ಟರು. ನನಗೂ ಹೆಮ್ಮೆಯಾಯಿತು.

ಮಳೆ ಜೋರಾಗಿದ್ದ ದಿನಗಳವು. ಮಳೆ ಹಿಂದೆಗೆದ ಮೇಲೆ ತರಗತಿಯಲ್ಲಿ ಕೆಂಗೇರಿಯ ಹುಡುಗಿ ಕಾಣಲಿಲ್ಲ. ಒಂದೆರಡು ದಿನ ನಾನದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ. ಅವಳ ಅಮ್ಮನ ಫೋನ್ ಬಂದಾಗ ನಾನು ಪ್ರಯೋಗಾಲಯದಲ್ಲಿದ್ದೆ.

"ಮೇಡಂ, ಮಗಳಿಗೆ ಜಾಂಡೀಸ್ ಅಂತೆ. ಆಸ್ಪತ್ರೆಗೆ ಸೇರಿಸಿದೀವಿ. ಇಂಟರ್ನಲ್ಸ್ ಬರೆಯಕ್ಕಾಗಲ್ಲ, ಅದಕ್ಕೆ ಹೇಳೋಣ ಅಂತ."

ಆಕೆ ಹೇಳಿದ್ದು ಅಷ್ಟೇ. ಯಾವ ಆರೋಪವೂ ಆ ಮಾತಿನಲ್ಲಿರಲಿಲ್ಲ. ಆದರೆ ಮರುದಿನ ಬಿ.ಕಾಂ.ನ ಒಬ್ಬನಿಗೂ ಕಾಮಾಲೆ ಎಂದು ತಿಳಿಯಿತು. ಆಮೇಲೆ ಗ್ರಂಥಾಲಯದ ಸಹಾಯಕಿಗೆ. ಆಮೇಲೆ ಇನ್ನಿಬ್ಬರು ಹುಡುಗರಿಗೆ. ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ "ಲೈಬ್ರರಿ ನೀರು ಕುಡೀಬೇಡಿ ಮಚ್ಚಾ" ಎಂದು ಹಾಕಿದರು. ಹಾಗೆ ಹಾಕಿದ್ದನ್ನು ನನಗೆ ತೋರಿಸಿದವರು ನನ್ನದೇ ವಿಭಾಗದ ಸಹೋದ್ಯೋಗಿ. ತೋರಿಸಿ ಫೋನು ಜೇಬಿಗಿಟ್ಟುಕೊಂಡರು.

ಇಡೀ ಕಾಲೇಜು ಕುಡಿಯುತ್ತಿದ್ದುದು ನಾನು ಹಾಕಿಸಿದ ಯಂತ್ರದ ನೀರು. ಬೇರೆ ನೀರು ಕೊಳ್ಳುವ ದಾರಿಯನ್ನು ಮುಚ್ಚಿದವಳೂ ನಾನೇ.

ಪ್ರಾಂಶುಪಾಲರ ಬಳಿ ಓಡಿದೆ. ಅವರು ಮೃದು ಮಾತಿನ ಮನುಷ್ಯ, ನಿವೃತ್ತಿಗೆ ಹತ್ತಿರದಲ್ಲಿದ್ದರು.

"ಗೇಟ್ ಹೊರಗೆ ಪಾನಿಪುರಿ ತಿಂತಾರೆ, ಕಬ್ಬಿನ ಹಾಲು ಕುಡೀತಾರೆ. ಎಲ್ಲಿಂದ ಬಂತು ಅಂತ ಹೇಗ್ ಹೇಳೋದು? ನೀವೇ ಗಾಬರಿ ಹಚ್ಚಬೇಡಿ ಮೇಡಂ. ಮೊದ್ಲು ಪರೀಕ್ಷೆ ಮಾಡಿ," ಎಂದರು.

ಅದು ನ್ಯಾಯವಾದ ಮಾತೇ ಆಗಿತ್ತು. ನೀರಿನಲ್ಲಿ ಮಲದ ಸೋಂಕು ಸೇರಿದೆಯೇ ಎಂದು ತಿಳಿಯಲು ಸರಳವಾದ ಒಂದು ಪರೀಕ್ಷೆ ಇದೆ. ಔಷಧಿ ಸವರಿದ ಸಣ್ಣ ಗಾಜಿನ ಸೀಸೆಗೆ ನೀರು ತುಂಬಿಸಿ, ಮುಚ್ಚಳ ಬಿಗಿದು ಬೆಚ್ಚಗಿನ ಜಾಗದಲ್ಲಿಡಬೇಕು. ನೀರು ಕೆಟ್ಟಿದ್ದರೆ ಒಂದೆರಡು ದಿನದೊಳಗೆ ಕಪ್ಪಾಗುತ್ತದೆ. ಮೂರೂ ಯಂತ್ರಗಳ ನೀರನ್ನು ಹಾಗೆ ತುಂಬಿಸಿಟ್ಟೆ. ಜೊತೆಗೆ ಒಂದಿಷ್ಟು ನೀರನ್ನು ಹೊರಗಿನ ಪ್ರಯೋಗಾಲಯಕ್ಕೂ ಕಳಿಸಿದೆ.

ಆ ಎರಡು ದಿನ ಪಾಠ ಮಾಡುತ್ತಿದ್ದರೂ ಮನಸ್ಸು ಸೀಸೆಗಳ ಮೇಲೆಯೇ. ಬಿಡುವು ಸಿಕ್ಕಿದಾಗಲೆಲ್ಲ ಹೋಗಿ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಬಣ್ಣ ಬದಲಾಗಲಿಲ್ಲ. ಹೊರಗಿನ ವರದಿಯೂ ಬಂತು: ಯಂತ್ರದ ನೀರಿನಲ್ಲಿ ದೋಷವಿಲ್ಲ.

ಪ್ರಾಂಶುಪಾಲರ ಮುಖ ಅರಳಿತು. "ನೋಡಿದ್ರಾ? ಇದನ್ನ ನೋಟಿಸ್ ಬೋರ್ಡಿಗೆ ಹಾಕ್ಸಿ. ಕೆಳಗೆ 'ಆವರಣದ ನೀರು ಸುರಕ್ಷಿತ' ಅಂತ ಒಂದ್ ಸಾಲು. ನಿಮ್ದೇ ಸಹಿ ಇರ್ಲಿ, ಕೆಮಿಸ್ಟ್ರಿಯವ್ರು ನೀವು."

ನೋಟಿಸು ಟೈಪಾಗಿ ಬಂತು. ಪೆನ್ನು ಕೈಗೆತ್ತಿಕೊಂಡೆ. ಸಹಿ ಹಾಕಲು ಯಾವ ಅಡ್ಡಿಯೂ ಇರಲಿಲ್ಲ. ಆದರೂ ಆ ಹುಡುಗಿಯನ್ನು ಒಮ್ಮೆ ನೋಡಿ ಬರೋಣ, ಆಮೇಲೆ ಹಾಕಿದರಾಯಿತು ಅನ್ನಿಸಿತು. "ನಾಳೆ ಬೆಳಿಗ್ಗೆ ಹಾಕಿಸ್ತೀನಿ ಸಾರ್," ಎಂದು ಹೇಳಿ ಹೊರಟೆ.

ಮೈಸೂರು ರಸ್ತೆಯ ಪಕ್ಕದ ಆಸ್ಪತ್ರೆ. ಸಂಜೆಯ ಭೇಟಿಯ ಸಮಯ. ಹುಡುಗಿ ಮಂಚದ ಮೇಲೆ ಒರಗಿದ್ದಳು. ಕಣ್ಣಿನ ಬಿಳಿಭಾಗ ಅರಿಶಿನ ಹಚ್ಚಿದ ಹಾಗಿತ್ತು. ನನ್ನನ್ನು ನೋಡಿ ಎದ್ದು ಕೂರಲು ಹೋದಳು, ಆಗಲಿಲ್ಲ. ಅವಳ ಅಮ್ಮ ನನಗೆ ಸ್ಟೂಲು ಸರಿಸಿದರು. ಆಮೇಲೆ ತಡೆದುಕೊಳ್ಳಲಾಗದೆ ಮಾತು ತೆಗೆದರು.

"ನಮ್ಮನೇಲಿ ಮೊದ್ಲಿಂದ್ಲೂ ಕಾಯ್ಸಿದ್ ನೀರೇ ಕಣ್ರೀ. ಅದನ್ನೇ ಕೊಟ್ಟು ಕಳಿಸ್ತಿದ್ದೆ. ನೀವು ಕಾಲೇಜಲ್ಲಿ ಮಿಷಿನ್ ಹಾಕ್ಸಿದ್ಮೇಲೆ, 'ಬ್ಯಾಗ್ ಭಾರ ಅಮ್ಮ, ಅಲ್ಲೇ ತುಂಬಿಸ್ಕೋತೀನಿ' ಅಂತ ಖಾಲಿ ಬಾಟ್ಲಿ ತಗೊಂಡ್ ಹೋಗ್ತಿದ್ಲು."

"ಅಮ್ಮಾ, ಸುಮ್ನಿರು," ಎಂದಳು ಹುಡುಗಿ.

ನಾನು ವರದಿಯ ವಿಷಯ ಹೇಳಿದೆ. ಯಂತ್ರದ ನೀರು ಚೆನ್ನಾಗಿಯೇ ಇದೆ, ಹೊರಗೆ ಏನಾದರೂ ತಿಂದಿದ್ದೆಯಾ ಎಂದು ಕೇಳಿದೆ. ಕೇಳುವಾಗ ನನ್ನ ಧ್ವನಿ ನನಗೇ ಹಿಡಿಸಲಿಲ್ಲ.

"ಹೊರಗೆ ಏನೂ ತಿನ್ನಲ್ಲ ಮ್ಯಾಮ್. ನೀರೂ ಹಂಗೇ ಹಿಡ್ಕೊಂಡಿಲ್ಲ. ದಿನಾ ಬಾಟ್ಲಿ ತೊಳ್ದೇ ತುಂಬಿಸ್ತಿದ್ದೆ. ಪೋಸ್ಟರಲ್ಲಿ ನಾನೇ ಬರ್ದಿದೀನಲ್ಲ."

"ಎಲ್ಲಿ ತೊಳೀತಿದ್ದೆ?"

"ಅಲ್ಲೇ. ಪಕ್ಕದ ನಲ್ಲೀಲಿ."

ಮುಂದಿನ ಮಾತು ನನಗೆ ಸರಿಯಾಗಿ ಕೇಳಿಸಲಿಲ್ಲ. ಯಂತ್ರದ ಪಕ್ಕದಲ್ಲಿದ್ದ ಕೈ ತೊಳೆಯುವ ನಲ್ಲಿ ನೇರವಾಗಿ ಸಂಪಿನ ನೀರಿನದು. ಕಾವೇರಿ ನೀರು, ಕೊಳವೆಬಾವಿಯ ನೀರು, ಕೆಲವೊಮ್ಮೆ ಟ್ಯಾಂಕರಿನ ನೀರು ಎಲ್ಲವೂ ನೆಲದಡಿಯ ಆ ತೊಟ್ಟಿಗೇ ಬೀಳುತ್ತಿದ್ದವು. ಬಾಟಲಿಯನ್ನು ಅಲ್ಲಿ ಕುಲುಕಿ ಚೆಲ್ಲಿದರೆ ತಳದಲ್ಲಿ ಸ್ವಲ್ಪ ನೀರು ಉಳಿದೇ ಉಳಿಯುತ್ತದೆ. ಅದರ ಮೇಲೆಯೇ ಶುದ್ಧ ನೀರು ತುಂಬುತ್ತಿತ್ತು. ನಾವು ಪರೀಕ್ಷಿಸಿದ್ದು ಯಂತ್ರವನ್ನು ಮಾತ್ರ.

ಮರುದಿನ ಬೆಳಿಗ್ಗೆ ಕಾಲೇಜಿನ ಬಾಗಿಲು ತೆರೆಯುವ ಹೊತ್ತಿಗೆ ನಾನು ಗ್ರಂಥಾಲಯದ ಪಕ್ಕದಲ್ಲಿದ್ದೆ. ಪಕ್ಕದ ನಲ್ಲಿಯ ನೀರು ಹಿಡಿದು ಕ್ಲೋರಿನ್ ಗುರುತಿಸುವ ದ್ರಾವಣದ ಹನಿ ಹಾಕಿದೆ. ಹಳದಿ ಬಣ್ಣ ಬರಬೇಕಿತ್ತು. ಬರಲಿಲ್ಲ, ಅಂದರೆ ಸೋಂಕು ತಡೆಯುವ ಕ್ಲೋರಿನ್ ನೀರಿನಲ್ಲಿ ಉಳಿದೇ ಇಲ್ಲ. ಸೀಸೆಗಳಿಗೂ ನೀರು ತುಂಬಿಸಿಟ್ಟೆ. ಪ್ಲಂಬರನ್ನು ಕರೆಸಿ ಮೂರೂ ಕಡೆಯ ಕೈ ತೊಳೆಯುವ ನಲ್ಲಿಗಳ ವಾಲ್ವು ಮುಚ್ಚಿಸಿ, "ರಿಪೇರಿಯಲ್ಲಿದೆ" ಎಂದು ಕಾಗದ ಅಂಟಿಸಿದೆ. ಸೀಸೆ ಏನು ಹೇಳುತ್ತದೋ ನೋಡೋಣ, ಬರೀ ಅನುಮಾನಕ್ಕೆ ಗಲಾಟೆ ಎಬ್ಬಿಸುವುದು ಬೇಡ ಎಂದುಕೊಂಡೆ. ನೋಟಿಸಿಗೆ ಸಹಿ ಯಾಕಾಗಿಲ್ಲ ಎಂದು ಪ್ರಾಂಶುಪಾಲರು ಕೇಳಿ ಕಳಿಸಿದರು. ಇನ್ನೊಂದು ಪರೀಕ್ಷೆ ಬಾಕಿಯಿದೆ ಎಂದು ಹೇಳಿ ಕಳಿಸಿದೆ.

ಮಾರನೆಯ ಬೆಳಿಗ್ಗೆ ಪ್ರಯೋಗಾಲಯದ ಬೀಗ ತೆಗೆದಾಗ ಸೀಸೆಗಳು ಮಸಿಯಷ್ಟು ಕಪ್ಪಾಗಿದ್ದವು.

ಒಂದನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಪ್ರಾಂಶುಪಾಲರ ಕೊಠಡಿಗೆ ಹೋಗಿ ಮೇಜಿನ ಮೇಲಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

"ಪರಿಶೀಲನಾ ತಂಡ ಈ ವಾರವೇ ಬರುತ್ತೆ," ಎಂದರು. "ಸಂಪು ಕ್ಲೀನ್ ಮಾಡ್ಸೋಣ, ಬ್ಲೀಚಿಂಗ್ ಪೌಡರ್ ಹಾಕ್ಸೋಣ, ಪೈಪ್ ನೋಡ್ಸೋಣ. ಎಲ್ಲಾ ಇವತ್ತೇ. ಆದ್ರೆ ಸದ್ದು ಬೇಡ. ಆ ನೋಟಿಸ್ ಹಾಕಿಬಿಡಿ. ಮಿಷಿನ್ ನೀರು ಸರಿಯಾಗೇ ಇದೆಯಲ್ಲ, ಅದೇನ್ ಸುಳ್ಳಲ್ಲ."

ಸುಳ್ಳಲ್ಲ, ನಿಜ. ಆ ಕಾರಣಕ್ಕೇ ನಾನು ಒಂದು ಕ್ಷಣ ಒಪ್ಪಿಬಿಡುತ್ತಿದ್ದೆ. ಸಂಪು ಸ್ವಚ್ಛವಾಗುತ್ತದೆ, ಮುಂದೆ ಯಾರಿಗೂ ತೊಂದರೆಯಿಲ್ಲ, ಕಾಲೇಜಿನ ಹೆಸರು ಉಳಿಯುತ್ತದೆ, ನನ್ನ ಹೆಸರೂ. ಆದರೆ ಈ ಬಗೆಯ ಕಾಮಾಲೆ ಮೈ ಹೊಕ್ಕ ಮೇಲೆ ಹೊರಗೆ ಕಾಣಿಸಿಕೊಳ್ಳಲು ವಾರಗಟ್ಟಲೆ ಬೇಕು. ಆಗಲೇ ಆ ನೀರು ಕುಡಿದು, ಏನೂ ತಿಳಿಯದೆ ಓಡಾಡುತ್ತಿದ್ದವರು ಎಷ್ಟು ಮಂದಿಯೋ. ಜ್ವರ ಬಂದರೆ ಅವರು ವೈರಲ್ ಎಂದುಕೊಂಡು ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಾರೆ. ಸೋತ ಯಕೃತ್ತಿಗೆ ಜ್ವರದ ಮಾತ್ರೆ ಅತಿಯಾದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅವರವರ ಮನೆಯಲ್ಲಿ ಬಸುರಿಯರಿರಬಹುದು, ವಯಸ್ಸಾದವರಿರಬಹುದು; ಅವರಿಗೂ ತಗುಲಿದರೆ ಅಪಾಯ ಇನ್ನೂ ಹೆಚ್ಚು.

"ಸಾರ್, ಆ ನೋಟಿಸ್ ಓದಿದ ಹುಡುಗ ನೀರಿನ ಮೇಲೆ ಅನುಮಾನ ಪಡಲ್ಲ. ಟೆಸ್ಟ್ ಮಾಡಿಸ್ಕೊಳ್ಳಲ್ಲ. ನಾನು ಸಹಿ ಹಾಕಲ್ಲ. ಹೆಲ್ತ್ ಸೆಂಟರ್ ಡಾಕ್ಟರಿಗೆ ಫೋನ್ ಮಾಡ್ತೀನಿ. ಮಕ್ಕಳಿಗೂ ನಾನೇ ಹೇಳ್ತೀನಿ."

"ಮ್ಯಾನೇಜ್‌ಮೆಂಟ್ ಕೇಳಿದ್ರೆ?"

"ನನ್ನ ಹೆಸರು ಹೇಳಿ."

ಹೊರಗೆ ಬಂದೆ. ಬಡಾವಣೆಯ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಕಾರಿಡಾರಿನಲ್ಲೇ ನಿಂತು ಫೋನ್ ಮಾಡಿದೆ. ಅವರು ನಾನು ಹೇಳಿದ್ದನ್ನು ಕೇಳಿಸಿಕೊಂಡು, "ಕುಡಿಯೋ ನೀರು ಎಲ್ಲಾ ನಿಲ್ಸಿ. ನಾನು ಮಧ್ಯಾಹ್ನದೊಳಗೆ ಬರ್ತೀನಿ. ಜ್ವರ, ವಾಂತಿ, ಸುಸ್ತು ಇರೋರನ್ನ ಬೇರೆ ಕೂರ್ಸಿ," ಎಂದರು. ಕ್ಯಾಂಟೀನಿನ ಮಾಲೀಕರ ಬಳಿ ಹೋಗಿ ಬಾಟಲಿ ನೀರು ತರಿಸಿಡಿ ಎಂದೆ. ಅವರು ನನ್ನ ಮುಖ ನೋಡಿದರು. "ಈಗ್ಲೇ ಗಾಡಿ ಕಳಿಸ್ತೀನಿ ಮೇಡಂ," ಎಂದಷ್ಟೇ ಹೇಳಿದರು.

ಒಂದೊಂದೇ ತರಗತಿಗೆ ಹೋದೆ. ಪಾಠ ಮಾಡುತ್ತಿದ್ದವರ ಅನುಮತಿ ಕೇಳಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಕೈ ತೊಳೆಯುವ ನಲ್ಲಿಯ ನೀರು ಕೆಟ್ಟಿದೆ, ಆ ನೀರಿನಲ್ಲಿ ಬಾಟಲಿ ತೊಳೆದವರಿಗೆ ಕಾಮಾಲೆ ಬರುವ ಸಾಧ್ಯತೆಯಿದೆ, ಜ್ವರ ಬಂದರೆ ಸ್ವಂತ ಔಷಧಿ ಬೇಡ, ರಕ್ತ ಪರೀಕ್ಷೆ ಮಾಡಿಸಿ.

"ನಾನು ದಿನಾ ಅಲ್ಲೇ ತೊಳೀತಿದ್ದೆ ಮ್ಯಾಮ್. ನಂಗೂ ಬರುತ್ತಾ?" ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಳು.

"ಗೊತ್ತಿಲ್ಲಮ್ಮ," ಎಂದೆ. ಮೇಷ್ಟ್ರುಗಳು ಅಷ್ಟು ಸುಲಭವಾಗಿ ಹೇಳುವ ಪದವಲ್ಲ ಅದು.

ಹಿಂದಿನ ಬೆಂಚಿನಿಂದ ಒಬ್ಬ ಎದ್ದ. "ಬಾಟ್ಲಿ ಮಾರೋದು ನಿಲ್ಸಿದ್ದು ನೀವೇ ಅಲ್ವಾ ಮ್ಯಾಮ್?"

"ಹೌದು. ನಾನೇ."

ಅವನು ಕೂತ. ಅವನ ಪಕ್ಕದವನು ಕೈಯೆತ್ತಿದ. "ಮ್ಯಾಮ್, ನನ್ನ ರೂಮ್‌ಮೇಟಿಗೆ ನಾಲ್ಕೈದು ದಿನದಿಂದ ಜ್ವರ. ವೈರಲ್ ಫೀವರ್ ಅಂತ ಮೂರು ಹೊತ್ತೂ ಮಾತ್ರೆ ನುಂಗ್ತಾ ಮಲಗಿದಾನೆ. ಊಟ ಸೇರ್ತಾ ಇಲ್ಲ."

"ಮಾತ್ರೆ ನಿಲ್ಸು ಅಂತ ಈಗ್ಲೇ ಫೋನ್ ಮಾಡು. ಕರ್ಕೊಂಡ್ ಬಾ," ಎಂದೆ.

ನಾಗರಬಾವಿಯ ಬಾಡಿಗೆ ಕೋಣೆಯಿಂದ ಅವನನ್ನು ಗೆಳೆಯರಿಬ್ಬರು ಆಟೋದಲ್ಲಿ ಕೂರಿಸಿ ತಂದರು. ವೈದ್ಯಾಧಿಕಾರಿ ಅವನ ಕಣ್ಣ ರೆಪ್ಪೆ ಎಳೆದು ನೋಡಿ ನೇರ ಆಸ್ಪತ್ರೆಗೆ ಕಳಿಸಿದರು. ಇನ್ನೂ ಕೆಲವು ದಿನ ಹಾಗೇ ಮಾತ್ರೆ ನುಂಗುತ್ತಿದ್ದರೆ ಯಕೃತ್ತು ಕೈಕೊಡುತ್ತಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ.

ಸಂಪಿನ ಮುಚ್ಚಳ ತೆಗೆಸಿದಾಗ ಕಾರಣ ಕಂಡಿತು. ಶೌಚಾಲಯದ ಒಳಚರಂಡಿಯ ಗುಂಡಿ ಸಂಪಿನ ಗೋಡೆಗೆ ತೀರ ಹತ್ತಿರವಿತ್ತು. ಮಳೆಯಲ್ಲಿ ಅದು ತುಂಬಿ, ಗೋಡೆಯ ಬಿರುಕಿನಿಂದ ಒಳಕ್ಕೆ ಒಸರಿತ್ತು. ಒಳಗಿನ ಸಿಮೆಂಟಿನ ಮೇಲೆ ಕಂದು ಗೆರೆಯೊಂದು ಇಳಿದಿತ್ತು. ಪ್ರಾಂಶುಪಾಲರು ಪಂಚೆಯ ಅಂಚು ಎತ್ತಿ ಹಿಡಿದು ಬಗ್ಗಿ ನೋಡಿದರು. ಅಂದೇ ಕಾಲೇಜಿಗೆ ರಜೆ ಘೋಷಿಸಿದರು. ಪರಿಶೀಲನೆ ಮುಂದಕ್ಕೆ ಹೋಯಿತು.

ಆಡಳಿತ ಮಂಡಳಿ ನನ್ನನ್ನು ಕರೆಸಿತು. ಕೇಳದೆ ಹೊರಗಿನವರಿಗೆ ತಿಳಿಸಿದ್ದು ಯಾಕೆ ಎಂದು ಅಧ್ಯಕ್ಷರು ಕೇಳುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಪ್ರಾಂಶುಪಾಲರು, "ನಾನೇ ಫೋನ್ ಮಾಡಿ ಅಂದಿದ್ದೆ," ಎಂದರು. ನಾನು ಅವರ ಕಡೆ ತಿರುಗಿದೆ. ಅವರು ನನ್ನತ್ತ ನೋಡಲೇ ಇಲ್ಲ. ಆಮೇಲೂ ಆ ವಿಷಯವನ್ನು ನಾವಿಬ್ಬರೂ ಎತ್ತಿದ್ದಿಲ್ಲ.

ಕಷ್ಟದ ದಿನಗಳು ಆಮೇಲೆ ಬಂದವು. ಕಾರಣ ತಿಳಿದಿತ್ತು, ರಿಪೇರಿ ನಡೆದಿತ್ತು, ಆದರೆ ಯಾರ ಮೈಯಲ್ಲಿ ಏನಿದೆಯೋ ಕಾದು ನೋಡುವುದನ್ನು ಬಿಟ್ಟು ಬೇರೆ ದಾರಿಯಿರಲಿಲ್ಲ. ಕಾಲೇಜು ಮತ್ತೆ ತೆರೆದ ಮೇಲೆ ಹಾಜರಿ ಕರೆಯುವುದೇ ನನಗೆ ಭಯದ ಕೆಲಸವಾಯಿತು. "ಪ್ರೆಸೆಂಟ್ ಮ್ಯಾಮ್" ಎಂದವರ ಕಣ್ಣುಗಳನ್ನು ನೋಡುತ್ತಿದ್ದೆ, ಬಿಳಿಯಿದೆಯೇ ಎಂದು. ಉತ್ತರ ಬರದಿದ್ದರೆ ಬಿಡುವಿನಲ್ಲಿ ಅವರ ಮನೆಗೆ ಫೋನ್ ಮಾಡುತ್ತಿದ್ದೆ. ಆಗೊಬ್ಬರು ಈಗೊಬ್ಬರು ಎಂದು ಕೆಲವರಿಗೆ ಬಂತು ಕೂಡ. ಎಚ್ಚರಿಕೆ ತಿಳಿದಿದ್ದರಿಂದ ಅವರೆಲ್ಲ ಬೇಗ ಪರೀಕ್ಷೆ ಮಾಡಿಸಿಕೊಂಡರು, ಮನೆಯಲ್ಲೇ ವಿಶ್ರಾಂತಿ ಪಡೆದು ಸುಧಾರಿಸಿಕೊಂಡರು.

ನಾನೂ ದಿನಾ ಅದೇ ನಲ್ಲಿಯಲ್ಲಿ ಬಾಟಲಿ ತೊಳೆದವಳೇ. ಚಂದ್ರಾ ಲೇಔಟಿನ ನಮ್ಮ ಮನೆಯಲ್ಲಿ ಇನ್ನೂ ಶಾಲೆಗೆ ಸೇರದ ಮಗಳಿದ್ದಾಳೆ. ಕೈತುತ್ತು ತಿನ್ನಿಸದಿದ್ದರೆ ಊಟ ಮಾಡದವಳು. ಆ ವಾರಗಳಲ್ಲಿ ನಾನು ತಟ್ಟೆ, ಲೋಟ ಬೇರೆ ಮಾಡಿಕೊಂಡೆ. ತುತ್ತು ಕೊಡುವ ಕೆಲಸವನ್ನು ಗಂಡನಿಗೆ ಬಿಟ್ಟೆ. "ಅಮ್ಮ ಯಾಕೆ ತಿನ್ಸಲ್ಲ?" ಎಂದು ಅವಳು ಅಳುತ್ತಿದ್ದರೆ ನಾನು ಅಡುಗೆಮನೆಯಲ್ಲಿ ಸೋಪು ಹಚ್ಚಿ ಮತ್ತೆ ಮತ್ತೆ ಕೈ ಉಜ್ಜುತ್ತಿದ್ದೆ. ಕನ್ನಡಿಯ ಮುಂದೆ ಕಣ್ಣಗಲಿಸಿ ನಿಲ್ಲುವುದು ಚಾಳಿಯೇ ಆಯಿತು. ಕೊನೆಗೆ ನನಗೇನೂ ಆಗಲಿಲ್ಲ.

ಕೆಂಗೇರಿಯ ಹುಡುಗಿಯ ಸ್ಥಿತಿ ನಡುವೆ ಒಮ್ಮೆ ಕೆಟ್ಟಿತು. ರಕ್ತ ಹೆಪ್ಪುಗಟ್ಟುವುದು ನಿಧಾನವಾಗಿದೆ ಎಂದು ಅವಳನ್ನು ತೀವ್ರ ನಿಗಾ ಘಟಕಕ್ಕೆ ಒಯ್ದರು. ನಾನು ಕಾಲೇಜು ಮುಗಿಸಿ ಹೋಗಿ ಹೊರಗಿನ ಕುರ್ಚಿಯಲ್ಲಿ ಅವಳ ಅಮ್ಮನ ಪಕ್ಕ ಕೂರುತ್ತಿದ್ದೆ. ಮೊದಲ ದಿನ ಆಕೆ ಮಾತಾಡಲಿಲ್ಲ. ಎರಡನೆಯ ದಿನ ಮುಖ ತಿರುಗಿಸಿಕೊಂಡೇ, "ನಲ್ಲಿ ನೀರು ಅಂತ ನೀವೇ ಹೇಳ್ದ್ರಂತೆ ಎಲ್ಲಾರ್ಗೂ," ಎಂದರು.

"ಹೌದ್ರೀ."

"ಹೇಳ್ದೆ ಇದ್ದಿದ್ರೆ ನಮ್ಗೆ ಗೊತ್ತಾಗ್ತಿರ್ಲಿಲ್ಲ."

ಅದು ಕ್ಷಮೆಯೋ, ಬರೀ ಲೆಕ್ಕಾಚಾರವೋ ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಕೆ ತಾವು ತಂದಿದ್ದ ಮಜ್ಜಿಗೆಯ ಲೋಟವನ್ನು ನನ್ನ ಕಡೆ ಸರಿಸಿದರು. ಕುಡಿದೆ. ಮರುದಿನದ ಪರೀಕ್ಷೆಯಲ್ಲಿ ಮಗಳ ರಕ್ತ ಸುಧಾರಿಸಿತ್ತು. ಆಮೇಲೆ ದಿನದಿಂದ ದಿನಕ್ಕೆ ಚೇತರಿಸಿಕೊಂಡಳು.

ಕಾಲೇಜಿನಲ್ಲಿ ಒಳಚರಂಡಿಯ ಗುಂಡಿಯನ್ನು ದೂರಕ್ಕೆ ಸರಿಸಿದರು. ಹಳೆಯ ಸಂಪನ್ನು ಮುಚ್ಚಿ ಹೊಸದು ಕಟ್ಟಿದರು. ಬಾಟಲಿ ತೊಳೆಯುವುದಕ್ಕೂ ಯಂತ್ರದ ನೀರೇ ಬರುವಂತೆ ಪೈಪು ಜೋಡಿಸಿದರು. ಇಷ್ಟಾದರೂ ಯಾರೂ ಯಂತ್ರಗಳ ಹತ್ತಿರ ಬರಲಿಲ್ಲ. ಕ್ಯಾಂಟೀನಿನ ಹಿಂದೆ ಗುಡ್ಡೆ ಮತ್ತೆ ಬೆಳೆಯಿತು. ಅದನ್ನು ನೋಡಿ ನನಗೆ ಸಿಟ್ಟು ಬರಲಿಲ್ಲ. ಯಾರಿಗೂ ನಂಬಿ ಎಂದು ಹೇಳುವ ಮುಖ ನನಗಿರಲಿಲ್ಲ. ಹಾಗಾಗಿ ಭಾಷಣ ಬಿಟ್ಟು, ಸೋಮವಾರದ ಬಿಡುವಿನಲ್ಲಿ ಗ್ರಂಥಾಲಯದ ಪಕ್ಕ ಒಂದು ಮೇಜು ಹಾಕಿಸಿ ಎಲ್ಲರ ಎದುರಿಗೇ ಪ್ರತಿ ನಲ್ಲಿಯ ನೀರನ್ನೂ ಪರೀಕ್ಷಿಸತೊಡಗಿದೆ. ಸೀಸೆಗಳನ್ನು ಗಾಜಿನ ಕಪಾಟಿನಲ್ಲಿ ಅಲ್ಲೇ ಇಡುತ್ತಿದ್ದೆ. ಹುಡುಗರು ದೂರದಿಂದ ಇಣುಕಿ ಹೋಗುತ್ತಿದ್ದರು. ಕೆಲವರು ನಿಂತು ಪ್ರಶ್ನೆ ಕೇಳಿದರು. ಕೊನೆಗೆ ಒಂದಿಬ್ಬರು ಬಾಟಲಿ ತುಂಬಿಸಿಕೊಂಡರು.

ಅಂಥದೊಂದು ಸೋಮವಾರ ಕೆಂಗೇರಿಯ ಹುಡುಗಿ ಮೇಜಿನ ಎದುರು ಬಂದು ನಿಂತಳು. ತುಂಬ ಸೊರಗಿದ್ದಳು. ಕಣ್ಣು ಬಿಳಿಯಾಗಿತ್ತು. ಬ್ಯಾಗಿನ ಪಕ್ಕದಲ್ಲಿ ತುಂಬಿದ ಬಾಟಲಿಯಿತ್ತು.

"ಮನೆ ನೀರು ಮ್ಯಾಮ್. ಅಮ್ಮ ಬೇರೆ ಕಡೆ ಕುಡಿಯೋ ಹಾಗಿಲ್ಲ ಅಂದಿದಾಳೆ."

"ಅದೇ ಸರಿ," ಎಂದೆ.

ಅವಳು ಹೋಗಲಿಲ್ಲ. ಬ್ಯಾಗನ್ನು ಕೆಳಗಿಟ್ಟು, ಸೀಸೆಯೊಂದನ್ನು ಕೈಗೆತ್ತಿಕೊಂಡಳು. "ಎಲ್ಲೀವರ್ಗೂ ತುಂಬಿಸ್ಬೇಕು?"

ಗುರುತು ತೋರಿಸಿದೆ. ನಲ್ಲಿ ತಿರುಗಿಸಿ, ಸ್ವಲ್ಪ ನೀರು ಹರಿಯಲು ಬಿಟ್ಟು, ಕೈ ಅಲುಗದಂತೆ ಅವಳು ಸೀಸೆ ತುಂಬಿಸಿದಳು. ಮುಚ್ಚಳ ಬಿಗಿದು ಇನ್ನೊಂದಕ್ಕೆ ಕೈಹಾಕಿದಳು. ನನಗೆ ತಡೆಯಲಾಗಲಿಲ್ಲ.

"ನೀನು ಇಲ್ಲಿ ಕುಡಿಯಲ್ಲ ತಾನೇ? ಮತ್ಯಾಕೆ ಇದೆಲ್ಲ?"

ಅವಳು ಎರಡನೆಯ ಸೀಸೆಯನ್ನು ನಲ್ಲಿಯ ಕೆಳಗೆ ಹಿಡಿದೇ ಹೇಳಿದಳು: "ಕುಡಿಯೋರು ಇದಾರಲ್ಲ ಮ್ಯಾಮ್."